ಕೂಸಿಗೆ ರಜೆ ಸಿಕ್ತಾ?

"ಅಮ್ಮ, ಜಾತ್ರೆಗೆ ಇಂಗ್ಲಿಷಲ್ಲಿ ಏನಂತಾರೆ?"

ಮಗಳು ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ನಾನು ಒಲೆ ಕಟ್ಟೆ ಒರೆಸುತ್ತಿದ್ದೆ. 2024ರ ಮಾರ್ಚ್ ಮೊದಲ ವಾರ. ‘ಫೇರ್’ ಅಂದೆ. ಅವಳು ತಲೆಯೆತ್ತಿ ನೋಡಿದಳು. ಅವಳಿಗೆ ಗೊತ್ತಿರುವ ಫೇರ್ ಅಂದರೆ ಬೇಸಿಗೆಯಲ್ಲಿ ಇಲ್ಲಿ ಅಮೆರಿಕದ ನಮ್ಮ ಕೌಂಟಿಯವರು, ಅಂದರೆ ಜಿಲ್ಲೆಯವರು, ನಡೆಸುವುದು. ಅಲ್ಲಿ ಹಂದಿಮರಿಗಳ ಓಟ ಇರುತ್ತದೆ, ಬಾಂಬೆ ಮಿಠಾಯಿ ಇರುತ್ತದೆ. "ಫೇರ್‌ಗೆ ಹೋಗ್ತೀನಿ, ಹತ್ತು ದಿನ ಸ್ಕೂಲಿಗೆ ಬರಲ್ಲ ಅಂತ ಬರೆದರೆ ನಗ್ತಾರಮ್ಮ." ಹಾಗಾದರೆ ಫೆಸ್ಟಿವಲ್ ಅಂತ ಹಾಕು ಅಂದೆ. "ಯಾವ ಫೆಸ್ಟಿವಲ್ ಅಂತ ಕೇಳ್ತಾರೆ. ದೀಪಾವಳಿ ಮುಗೀತಲ್ಲ."

ಕೊನೆಗೆ ಅವಳೇ ದಾರಿ ಹುಡುಕಿದಳು. ಇಂಗ್ಲಿಷ್ ಅಕ್ಷರಗಳಲ್ಲಿ ‘ಜಾತ್ರೆ’ ಅಂತಲೇ ಬರೆದು, ಮುಂದೆ ಒಂದು ಸಾಲು ವಿವರಣೆ ಹಾಕಿದಳು. ನನ್ನ ಅಜ್ಜಿಯ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ದೇವಿಯನ್ನು ಗುಡಿಯಿಂದ ರಥದಲ್ಲಿ ಪೇಟೆಗೆ ಕರೆತರುತ್ತಾರೆ, ಒಂಬತ್ತು ದಿನ. ಇಷ್ಟೇ. ನಾನಾಗಿದ್ದರೆ ಪುರಾಣದಿಂದ ಶುರು ಮಾಡುತ್ತಿದ್ದೆ.

ನಮ್ಮದು ಶಿರಸಿ ಹತ್ತಿರದ ಒಂದು ಹಳ್ಳಿ. ಮಾರಿಕಾಂಬಾ ಜಾತ್ರೆ ಸಮ ಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ, ಫೆಬ್ರವರಿ ಕೊನೆಗೆ ಇಲ್ಲವೇ ಮಾರ್ಚಿನಲ್ಲಿ. 2020ರ ಜಾತ್ರೆ ಮುಗಿದು ಎರಡು ವಾರಕ್ಕೆ ಲಾಕ್‌ಡೌನ್ ಬಂತು. 2022ರಲ್ಲಿ ಹೋಗುವ ಧೈರ್ಯ ಆಗಲಿಲ್ಲ. 2024ರದ್ದು ಮಾರ್ಚ್ 19ರಿಂದ 27. ಆಯಿ, ಅಂದರೆ ನನ್ನ ಅಮ್ಮ, ಫೋನಿನಲ್ಲಿ "ಮುಂದಿನ ಜಾತ್ರೆಗೆ ನಾನು ಇರ್ತ್ನೋ ಇಲ್ಯೋ" ಅಂದಳು. ಈ ಮಾತನ್ನು ಅವಳು 2012ರಿಂದ ಪ್ರತಿ ಜಾತ್ರೆಗೂ ಹೇಳುತ್ತಿದ್ದಾಳೆ. ಆದರೂ ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಟಿಕೆಟ್ ಮಾಡಿಸಿದೆ. ಮಾಡಿಸಿದ ಮೇಲೆ ಅವಳದ್ದು ಎರಡನೇ ಪ್ರಶ್ನೆ ಶುರುವಾಯಿತು. ದಿನಾ ಅದೇ. "ಕೂಸಿಗೆ ರಜೆ ಸಿಕ್ತಾ?"

ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಮಗಳು ಆಗ ಏಳನೇ ತರಗತಿ. ಇಲ್ಲಿ ಆರನೇ ತರಗತಿಯ ಆಸುಪಾಸಿಗೆ ಮಿಡ್ಲ್ ಸ್ಕೂಲ್ ಶುರುವಾಗುತ್ತದೆ. ಅಲ್ಲಿಯವರೆಗೆ ಒಬ್ಬರೇ ಟೀಚರ್. ಆಮೇಲೆ ಪೀರಿಯಡ್ಡಿಗೊಬ್ಬರು. ನನ್ನ ಮಗಳಿಗೆ ಆರು ಜನ: ಗಣಿತ, ವಿಜ್ಞಾನ, ಇಂಗ್ಲಿಷ್, ಇತಿಹಾಸ, ಆಟ, ಆರ್ಕೆಸ್ಟ್ರಾ. ಹಾಜರಿಯನ್ನು ಪ್ರತಿ ಪೀರಿಯಡ್ಡಿನಲ್ಲೂ ಹಾಕುತ್ತಾರೆ. ರಜೆ ಬೇಕಾದರೆ ಎರಡು ಕಡೆ ತಿಳಿಸಬೇಕು. ಹಾಜರಿ ನೋಡಿಕೊಳ್ಳುವ ಆಫೀಸಿಗೆ ಅಪ್ಪ ಅಮ್ಮ ಹೇಳಬೇಕು. ಟೀಚರುಗಳಿಗೆ ಮಗುವೇ ಇಮೇಲ್ ಬರೆಯಬೇಕು.

ಈ ಎರಡನೆಯದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಯಿತು. ಹನ್ನೆರಡು ವರ್ಷದ ಹುಡುಗಿ ಆರು ಜನ ದೊಡ್ಡವರಿಗೆ ಕಾಗದ ಬರೆಯುವುದೇ? ನಾನೇ ಒಂದು ಬರೆದು ಆರೂ ಜನರಿಗೆ ಒಟ್ಟಿಗೆ ಕಳಿಸಿಬಿಡುತ್ತೇನೆ, ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮಗಳು ಬಿಡಲಿಲ್ಲ. ಅಮ್ಮ ಬರೆದುಕೊಟ್ಟರೆ ಸಣ್ಣ ಮಗು ಅಂದುಕೊಳ್ಳುತ್ತಾರಂತೆ.

ಈ ಮಧ್ಯೆ ನಮ್ಮ ಕನ್ನಡದ ಗೆಳತಿಯರ ಸಲಹೆಗಳೂ ಬಂದವು. ಒಬ್ಬಳು "ಸುಮ್ನೆ ಹುಷಾರಿಲ್ಲ ಅಂತ ದಿನಾ ಬೆಳಿಗ್ಗೆ ಫೋನ್ ಮಾಡು, ಇಂಡಿಯಾದಿಂದಲೇ ಮಾಡಬಹುದು" ಅಂದಳು. ಇನ್ನೊಬ್ಬಳು "ಅಜ್ಜಿಗೆ ಸೀರಿಯಸ್ ಅಂತ ಹಾಕು, ಯಾರೂ ತಿರುಗಿ ಕೇಳಲ್ಲ" ಅಂದಳು. ಮೂರನೆಯವಳು ತನ್ನ ಮಗನ ಬಳಿ ಇನ್‌ಸ್ಟಾಗ್ರಾಮಿಗೆ ಫೋಟೊ ಹಾಕಬಾರದು ಅಂತ ಮೊದಲೇ ಆಣೆ ಮಾಡಿಸಿಕೊಂಡು ಹೋಗಿದ್ದಳಂತೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೂ ಅದು ತಪ್ಪು ಅಂತ ತಕ್ಷಣ ಅನಿಸಲಿಲ್ಲ. ಯಾಕೆಂದರೆ ಈ ವಿದ್ಯೆಯಲ್ಲಿ ನಾನೂ ಕಡಿಮೆಯವಳಲ್ಲ.

ನಾನು ಕಲಿತ ರಜಾ ಚೀಟಿ ಈಗಲೂ ಬಾಯಿಪಾಠ. ಎಡಗಡೆ ‘ಇಂದ’. ಕೆಳಗೆ ‘ಇವರಿಗೆ’. ಮಾನ್ಯರೇ. ವಿಷಯ: ರಜೆ ಕೋರಿ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನಗೆ ಜ್ವರ ಬಂದಿದ್ದರಿಂದ ದಿನಾಂಕ ಇಂತಿಷ್ಟರಂದು ಶಾಲೆಗೆ ಬರಲು ಆಗಲಿಲ್ಲ. ದಯಮಾಡಿ ರಜೆ ಮಂಜೂರು ಮಾಡಬೇಕೆಂದು ಪ್ರಾರ್ಥನೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ. ಕೆಳಗೆ ಅಪ್ಪನ ಸಹಿ. ಇದರಲ್ಲಿ ಬದಲಾಗುತ್ತಿದ್ದದ್ದು ಎರಡೇ: ದಿನಾಂಕ ಮತ್ತು ಜ್ವರ. ಜ್ವರದ ಜಾಗದಲ್ಲಿ ಹೊಟ್ಟೆನೋವು ಬರಬಹುದಿತ್ತು. ಮೂರನೆಯದು ನನಗೆ ನೆನಪಿಲ್ಲ.

ನಮ್ಮ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ಕ್ಲಾಸಿನ ಅರ್ಧಕ್ಕರ್ಧ ಮಕ್ಕಳಿಗೆ ಜ್ವರ ಬರುತ್ತಿತ್ತು. ಡಿಸೆಂಬರ್, ಜನವರಿ. ಬೆಳಿಗ್ಗೆ ಕೊನೆ ಕೊಯ್ದು ಹಾಕಿದರೆ ರಾತ್ರಿಯಿಡೀ ಸುಲಿಯುವ ಕೆಲಸ. ಮಾರನೇ ದಿನ ಶಾಲೆಗೆ ಬಂದವರು ಜ್ವರದ ಚೀಟಿ ಕೊಡುತ್ತಿದ್ದರು. ಚೀಟಿ ಹಿಡಿದ ಬೆರಳುಗಳು ಅಡಿಕೆ ಚೊಗರಿಗೆ ಕಪ್ಪಾಗಿರುತ್ತಿದ್ದವು. ಆ ಚೊಗರು ಸೋಪಿಗೆ ಹೋಗುವುದಿಲ್ಲ. ಅಕ್ಕೋರು ಚೀಟಿ ನೋಡುತ್ತಿದ್ದರು, ಬೆರಳು ನೋಡುತ್ತಿದ್ದರು, ಚೀಟಿಯನ್ನು ಹಾಜರಿ ಪುಸ್ತಕದೊಳಗೆ ಇಡುತ್ತಿದ್ದರು. ಅವರ ಮನೆಯಲ್ಲೂ ಅಡಿಕೆ ತೋಟ ಇತ್ತು.

ಎಂಟನೇ ತರಗತಿಯಲ್ಲಿದ್ದಾಗ ಬಂದ ಜಾತ್ರೆಯಲ್ಲಿ ನಾನು ಸಿಕ್ಕಿಬಿದ್ದೆ. ಅಂದರೆ ಸಿಕ್ಕಿಬಿದ್ದೆ ಅಂದುಕೊಂಡೆ. ಅತ್ತೆ ಮಕ್ಕಳ ಜೊತೆ ದೊಡ್ಡ ತೊಟ್ಟಿಲು ಹತ್ತಿದ್ದೆ. ತೊಟ್ಟಿಲು ಮೇಲೆ ಹೋಗಿ ನಿಂತಾಗ ಕೆಳಗಿನ ಸಾಲಿನಲ್ಲಿ ನಮ್ಮ ಗಣಿತದ ಮಾಸ್ತರು ಕಂಡರು. ಹೆಗಲ ಮೇಲೆ ಮಗ, ಕೈಯಲ್ಲಿ ಬೆಂಡು ಬತ್ತಾಸಿನ ಪೊಟ್ಟಣ. ಕಣ್ಣಿಗೆ ಕಣ್ಣು ಸೇರಿತು. ಮರುದಿನ ನಾನು ಕೊಟ್ಟ ಚೀಟಿಯಲ್ಲಿ ಹೊಟ್ಟೆನೋವು ಅಂತ ಇತ್ತು. ಬದಲಿಸಲು ಧೈರ್ಯ ಸಾಲಲಿಲ್ಲ, ಅಪ್ಪ ಆಗಲೇ ಸಹಿ ಹಾಕಿದ್ದ. ಮಾಸ್ತರು ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು. "ತೊಟ್ಟಿಲು ಹತ್ತಿದರೆ ಹೊಟ್ಟೆನೋವು ಜಾಸ್ತಿ ಆಗ್ತದೆ" ಅಂದರು. ಅಷ್ಟೇ.

ಸುಳ್ಳು ಬರೆಯುವುದನ್ನು ನಮಗೆ ಶಾಲೆಯೇ ಕಲಿಸಿತು ಅಂದರೆ ಜಾಸ್ತಿಯಾಯಿತೇನೋ. ಆದರೆ ಚೀಟಿಯಲ್ಲಿ ಬರೆದದ್ದು ನಿಜ ಅಂತ ಬರೆದವರೂ ನಂಬುತ್ತಿರಲಿಲ್ಲ, ಓದಿದವರೂ ನಂಬುತ್ತಿರಲಿಲ್ಲ. ಒಕ್ಕಣೆ ಸರಿ ಇದ್ದರೆ ಸಾಕಿತ್ತು. ನಿಜವಾದ ಕಾರಣ ಎಲ್ಲರಿಗೂ ಗೊತ್ತೇ ಇತ್ತಲ್ಲ.

ಇಲ್ಲಿ ಹಾಗಲ್ಲ. ಇಲ್ಲಿ ಯಾರ ಮನೆಯಲ್ಲಿ ಏನು ಅಂತ ಯಾರಿಗೂ ಗೊತ್ತಿಲ್ಲ. ಅದಕ್ಕೇ ಇರಬೇಕು, ಕಾರಣಗಳನ್ನು ಕಾನೂನಿನಲ್ಲೇ ಪಟ್ಟಿ ಮಾಡಿ ಇಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ಶಿಕ್ಷಣ ಸಂಹಿತೆಯಲ್ಲಿ 48205 ಅಂತ ಒಂದು ಕಲಮು. ಯಾವ ಗೈರುಹಾಜರಿಗೆ ಮಾಫಿ ಇದೆ ಅಂತ ಅದು ಹೇಳುತ್ತದೆ. ನಾನು ಒಂದು ರಾತ್ರಿ ಕೂತು ಓದಿದೆ. ಕಾಯಿಲೆ, ಹಲ್ಲಿನ ಡಾಕ್ಟರು, ಹತ್ತಿರದವರ ಸಾವು, ಇವೆಲ್ಲ ಊಹಿಸಬಹುದಾದವು. ವಿದ್ಯಾರ್ಥಿಯೇ ತಾಯಿಯಾಗಿದ್ದು ಅವಳ ಮಗುವಿಗೆ ಹುಷಾರಿಲ್ಲದಿದ್ದರೆ ಅದಕ್ಕೂ ರಜೆ ಇದೆ. ಸೈನ್ಯದಲ್ಲಿರುವ ಅಪ್ಪನೋ ಅಮ್ಮನೋ ಯುದ್ಧಭೂಮಿಗೆ ಹೊರಟಾಗ ಅವರ ಜೊತೆ ಇರಲು ರಜೆ ಇದೆ. ಅಮೆರಿಕದ ಪೌರತ್ವ ಪಡೆಯುವ ಸಮಾರಂಭಕ್ಕೆ ಹೋಗಲು ರಜೆ ಇದೆ. ಮನಸ್ಸಿಗೆ ಹುಷಾರಿಲ್ಲದಿದ್ದರೂ ಅದು ಕಾಯಿಲೆಯೇ ಅಂತ 2022ರಿಂದ ಸೇರಿಸಿದ್ದಾರೆ. ಅದೇ ವರ್ಷ ಇನ್ನೊಂದನ್ನೂ ಸೇರಿಸಿದರು. ಸಾಂಸ್ಕೃತಿಕ ಆಚರಣೆಯಲ್ಲಿ ಭಾಗವಹಿಸಲು. ಒಂದು ಜನಸಮುದಾಯದ ರೂಢಿ, ನಂಬಿಕೆ, ಸಂಪ್ರದಾಯಕ್ಕೆ ಸಂಬಂಧಿಸಿದ್ದು ಅಂತ ವಿವರಣೆ.

ಎರಡು ಸಲ ಓದಿದೆ. ಜಾತ್ರೆ! ಶಿರಸಿಯ ಹೈಸ್ಕೂಲಿನಲ್ಲಿ ಹೊಟ್ಟೆನೋವು ಅಂತ ವೇಷ ಹಾಕಿಕೊಂಡು ಹೋಗಬೇಕಿದ್ದ ನಮ್ಮ ಜಾತ್ರೆಗೆ ಹದಿನಾಲ್ಕು ಸಾವಿರ ಕಿಲೋಮೀಟರು ದೂರದ ಕಾನೂನಿನ ಪುಸ್ತಕದಲ್ಲಿ ಜಾಗ ಇತ್ತು.

ಮರುದಿನ ಆಫೀಸಿಗೆ ಫೋನ್ ಮಾಡಿದೆ. ಹಾಜರಿ ನೋಡಿಕೊಳ್ಳುವ ಹೆಂಗಸು ತುಂಬ ಸೌಮ್ಯವಾಗಿ ಮಾತಾಡಿದರು. ಸಾಂಸ್ಕೃತಿಕ ಆಚರಣೆ ಅಂದೆ. ಖಂಡಿತ, ಎಷ್ಟು ಹೊತ್ತಿನ ಆಚರಣೆ ಅಂದರು. ಒಂಬತ್ತು ದಿನ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೀಬೋರ್ಡಿನ ಸದ್ದೂ ನಿಂತಿತ್ತು. "ಒಂಬತ್ತು ದಿನ" ಅಂತ ಅವರು ಇನ್ನೊಮ್ಮೆ ಹೇಳಿದರು, ಪ್ರಶ್ನೆಯೋ ಮೆಚ್ಚುಗೆಯೋ ತಿಳಿಯಲಿಲ್ಲ. ನಾನು ಗಾಬರಿಯಲ್ಲಿ ವಿವರಿಸತೊಡಗಿದೆ. ಮೊದಲ ರಾತ್ರಿ ದೇವಿಯ ಮದುವೆ, ಮರುದಿನ ಬೆಳಿಗ್ಗೆ ರಥ, ಬಿಡಕಿಬೈಲಿನ ಗದ್ದುಗೆ, ಅದರ ಮರುದಿನದಿಂದ ಸೇವೆಗಳು, ಹಣ್ಣುಕಾಯಿ, ಉಡಿ ತುಂಬುವುದು. ಅವರು ಕೇಳಿಸಿಕೊಂಡರು. ಕೊನೆಗೆ ಲೆಕ್ಕ ಹೇಳಿದರು. ಶನಿವಾರ ಭಾನುವಾರ ಬಿಟ್ಟು ಜಾತ್ರೆಯ ಏಳು ದಿನಕ್ಕೆ ಮಾಫಿ. ಹೋಗುವ ಒಂದು ದಿನ, ಬರುವ ಎರಡು ದಿನ ಆಚರಣೆಯಲ್ಲ, ಪ್ರಯಾಣ. ಆ ಮೂರಕ್ಕೆ ಮಾಫಿ ಇಲ್ಲ.

ಮೂರು ಅನ್ನುವ ಸಂಖ್ಯೆಯಲ್ಲೇ ತೊಂದರೆ. ಇಲ್ಲಿ ಒಂದು ವರ್ಷದಲ್ಲಿ ಸರಿಯಾದ ಕಾರಣವಿಲ್ಲದೆ ಮೂರು ಪೂರ್ತಿ ದಿನ ತಪ್ಪಿಸಿದರೆ ಮಗು ಕಾನೂನಿನ ಪ್ರಕಾರ ‘ಟ್ರೂಅಂಟ್’. ಕನ್ನಡದಲ್ಲಿ ಹೇಳಬೇಕೆಂದರೆ ಶಾಲೆಗೆ ಚಕ್ಕರ್ ಹೊಡೆಯುವ ಮಗು. ಮನೆಗೆ ನೋಟೀಸು ಬರುತ್ತದೆ. ಶಾಲೆಯ ಜೊತೆ ಮೊದಲೇ ಒಪ್ಪಂದಕ್ಕೆ ಸಹಿ ಹಾಕಿ, ಹೋದಲ್ಲಿಂದಲೇ ಪಾಠ ಮಾಡಿಕೊಂಡು ಬರುವ ‘ಇಂಡಿಪೆಂಡೆಂಟ್ ಸ್ಟಡಿ’ ಅನ್ನುವ ದಾರಿಯೂ ಇದೆ. ಆದರೆ ನಮ್ಮ ಶಾಲೆಯಲ್ಲಿ ಅದಕ್ಕೆ ಇನ್ನೂ ಮುಂಚೆ ಅರ್ಜಿ ಹಾಕಬೇಕಿತ್ತು, ನಾನು ತಡ ಮಾಡಿದ್ದೆ. ಗಂಡ ವಿಮಾನದ ಟಿಕೆಟ್ಟನ್ನು ಒಂದು ದಿನ ಹಿಂದಕ್ಕೆ ಹಾಕಿಸಿದರು. ಜಾತ್ರೆಯ ಕಡೇ ದಿನ ಬಿಟ್ಟು, 26ರ ರಾತ್ರಿಯೇ ಶಿರಸಿಯಿಂದ ಹೊರಡುವುದು. ಶುಕ್ರವಾರ 29ಕ್ಕೆ ಮಗಳು ಕ್ಲಾಸಿನಲ್ಲಿ. ಆಯಿಗೆ ಇದನ್ನು ಹೇಳುವುದು ಕಾನೂನು ಓದುವುದಕ್ಕಿಂತ ಕಷ್ಟವಾಯಿತು. "ಒಂದು ದಿನಕ್ಕೆ ಎಂತ ಆಗ್ತು?" ಅಂದಳು. ನೋಟೀಸು ಅನ್ನುವ ಪದ ಬಳಸಬಾರದಿತ್ತು. ಅವಳಿಗೆ ನೋಟೀಸು ಅಂದರೆ ಕೋರ್ಟು.

ಒಂದು ವಿಷಯ ಆಮೇಲೆ ಗೊತ್ತಾಯಿತು. ಮಾಫಿ ಇರಲಿ ಇಲ್ಲದಿರಲಿ, ಶಾಲೆಗೆ ನಷ್ಟ ಒಂದೇ. ಈ ರಾಜ್ಯದಲ್ಲಿ ಹೆಚ್ಚಿನ ಕಡೆ ಶಾಲೆಗಳಿಗೆ ಸರ್ಕಾರದ ದುಡ್ಡು ಬರುವುದು ಎಷ್ಟು ಮಕ್ಕಳು ಹೆಸರು ಹಚ್ಚಿದ್ದಾರೆ ಅನ್ನುವುದರ ಮೇಲಲ್ಲ. ದಿನಕ್ಕೆ ಸರಾಸರಿ ಎಷ್ಟು ಮಕ್ಕಳು ಬಂದು ಕೂತರು ಅನ್ನುವುದರ ಮೇಲೆ. ಹಿಂದೆ ಸರಿಯಾದ ಕಾರಣದ ರಜೆಯಾಗಿದ್ದರೆ ಹಾಜರಿ ಅಂತಲೇ ಲೆಕ್ಕ. 1998-99ರಿಂದ ಅದೂ ಇಲ್ಲ. ಜ್ವರ ಬಂದ ಮಗುವಿಗೂ ಜಾತ್ರೆಗೆ ಹೋದ ಮಗುವಿಗೂ ದುಡ್ಡಿಲ್ಲ. ಮೇಲಿಂದ, ವರ್ಷದಲ್ಲಿ ನೂರಕ್ಕೆ ಹತ್ತು ದಿನ ತಪ್ಪಿಸಿದ ಮಕ್ಕಳನ್ನು ಬೇರೆಯಾಗಿ ಎಣಿಸುತ್ತಾರೆ. ಅದರಲ್ಲೂ ಕಾರಣ ಕೇಳುವುದಿಲ್ಲ. 180 ದಿನದ ವರ್ಷದಲ್ಲಿ 18 ದಿನ. ಕೊರೋನಾ ನಂತರ, 2021-22ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಅಂಥ ಮಕ್ಕಳು ನೂರಕ್ಕೆ 30 ಇದ್ದರು. ಆಫೀಸಿನ ಹೆಂಗಸು ಒಂಬತ್ತು ದಿನ ಅಂದಾಗ ಯಾಕೆ ಸುಮ್ಮನಾದರು ಅಂತ ಈಗ ಅರ್ಥವಾಗುತ್ತದೆ. ನನ್ನ ಮಗಳು ನವೆಂಬರಿನಲ್ಲಿ ನಿಜವಾಗಿ ಜ್ವರ ಬಂದು ಎರಡು ದಿನ ಮಲಗಿದ್ದಳು. ಆ ಎರಡು, ಈ ಒಂಬತ್ತು. ಹನ್ನೊಂದು. ಕೈಬೆರಳಲ್ಲಿ ಎಣಿಸಿಕೊಂಡೆ.

ಇದನ್ನೆಲ್ಲ ನೋಡುವಾಗ ತಮ್ಮನ ಅಕ್ಕಿ ನೆನಪಾಯಿತು. 1995ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುವ ಯೋಜನೆ ತಂದಿತು. ಹಾಜರಿ ನೂರಕ್ಕೆ 80 ಇರಬೇಕು ಅಂತ ನಿಯಮ. ಬಿಸಿಯೂಟ ಬಂದದ್ದು ಆಮೇಲೆ, 2002ರಿಂದ. ಅಕ್ಕಿ ಕೊಡುತ್ತಿದ್ದಾಗ ತಮ್ಮ ಮೂರನೇ ಕ್ಲಾಸು. ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ವಾರಗಟ್ಟಲೆ ಶಾಲೆ ತಪ್ಪುತ್ತಿತ್ತು. ಆದರೂ ಪ್ರತಿ ತಿಂಗಳೂ ಅಕ್ಕಿ ಚೀಲ ಹೊತ್ತು ತರುತ್ತಿದ್ದ. ಮಾಸ್ತರು ಹೇಗೆ ಲೆಕ್ಕ ಹೊಂದಿಸುತ್ತಿದ್ದರೋ. ಹಳ್ಳದ ನೀರಿಗೆ ನೂರಕ್ಕೆ 80 ಅಂತ ಹೇಳಲು ಆಗುವುದಿಲ್ಲವಲ್ಲ.

ಮಗಳ ಇಮೇಲಿಗೆ ಬರುತ್ತೇನೆ.

ಅವಳು ಮೊದಲು ಬರೆದದ್ದನ್ನು ನನಗೆ ತೋರಿಸಿದಳು. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು. ವಿಷಯದ ಸಾಲಿನಲ್ಲಿ ಅವಳ ಹೆಸರು, ಪೀರಿಯಡ್ಡಿನ ಸಂಖ್ಯೆ, ಮಾರ್ಚ್ 18ರಿಂದ 28 ಗೈರು. ಒಳಗೆ: ನಾನು ಈ ದಿನಗಳಲ್ಲಿ ಬರುವುದಿಲ್ಲ. ಕುಟುಂಬದ ಜೊತೆ ಭಾರತಕ್ಕೆ ಜಾತ್ರೆಗೆ ಹೋಗುತ್ತಿದ್ದೇನೆ. ಆಮೇಲೆ ಆ ಒಂದು ಸಾಲಿನ ವಿವರಣೆ. ಅಲ್ಲಿ ಇಂಟರ್ನೆಟ್ ಇದೆ, ಆದರೆ ಸಮಯ ಹನ್ನೆರಡೂವರೆ ಗಂಟೆ ಮುಂದೆ. 22ರ ಕ್ವಿಜ್ಜನ್ನು ಹೋಗುವ ಮೊದಲು ಬರೆಯಲೇ, ಬಂದ ಮೇಲೆ ಬರೆಯಲೇ? ಧನ್ಯವಾದ.

ಓದಿ ನನಗೆ ಮೈಯೆಲ್ಲ ಬೆವರಿತು. ಬರುವುದಿಲ್ಲ! ಬರಬಹುದೇ ಅಂತ ಇಲ್ಲ, ದಯಮಾಡಿ ಅಂತ ಇಲ್ಲ, ಮಂಜೂರು ಅಂತ ಇಲ್ಲ. ನಾನು ಲ್ಯಾಪ್‌ಟಾಪ್ ಎಳೆದುಕೊಂಡು ತಿದ್ದಿದೆ. ಮೊದಲಿಗೆ ‘ರೆಸ್ಪೆಕ್ಟೆಡ್’. ಕೊನೆಗೆ ‘ಕೈಂಡ್ಲಿ ಡೂ ದಿ ನೀಡ್‌ಫುಲ್’.

"ಅಮ್ಮ, ನೀಡ್‌ಫುಲ್ ಅಂದ್ರೆ ಏನು?"

"ಅಗತ್ಯವಾದದ್ದನ್ನು ಮಾಡಿ ಅಂತ."

"ಏನು ಅಗತ್ಯ ಅಂತ ನಾನು ಮೇಲೆ ಬರೆದಿದ್ದೀನಲ್ಲ."

ಉತ್ತರ ಇರಲಿಲ್ಲ. ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಆ ಸಾಲನ್ನು ಬರೆಯುತ್ತಿದ್ದೇನೆ. ಅದರ ಹಿಂದೆ ‘ರಜೆ ಮಂಜೂರು ಮಾಡಬೇಕೆಂದು ಪ್ರಾರ್ಥನೆ’ ಕೂತಿದೆ ಅಂತ ಅವತ್ತು ಕಂಡಿತು. ಅವಳು ಎರಡನ್ನೂ ಅಳಿಸಿದಳು. ಕೇಳುವುದಕ್ಕೂ ತಿಳಿಸುವುದಕ್ಕೂ ಅವಳ ಮನಸ್ಸಿನಲ್ಲಿ ಬೇರೆ ಬೇರೆ ಗೂಡುಗಳಿವೆ. ಹೋಗಲು ಅನುಮತಿ ಬೇಕಿಲ್ಲ, ಅದು ಮನೆಯವರ ತೀರ್ಮಾನ. ತಪ್ಪಿದ ಪಾಠಕ್ಕೆ ಸಹಾಯ ಬೇಕು, ಅದನ್ನು ಮಾತ್ರ ಕೇಳಬೇಕು. ನಮ್ಮ ಚೀಟಿಗಳಲ್ಲಿ ಇದು ಪೂರ್ತಿ ತಲೆಕೆಳಗು. ಅನುಮತಿಯನ್ನು ಕೈಮುಗಿದು ಕೇಳುತ್ತಿದ್ದೆವು. ತಪ್ಪಿದ ಪಾಠದ ಬಗ್ಗೆ ಒಂದಕ್ಷರ ಇರುತ್ತಿರಲಿಲ್ಲ. ಪಕ್ಕದವಳ ಪಟ್ಟಿ ಇಸಿದುಕೊಂಡು ನಕಲು ಮಾಡಿದರೆ ಮುಗಿಯಿತು.

ಇನ್ನೊಂದನ್ನೂ ಅವಳು ಶಾಲೆಯಲ್ಲಿ ಕಲಿತಿದ್ದಳು. ‘ನಾನು ಬರದ ದಿನ ಮುಖ್ಯವಾದದ್ದೇನಾದರೂ ಇದೆಯಾ?’ ಅಂತ ಟೀಚರುಗಳನ್ನು ಯಾವತ್ತೂ ಕೇಳಬಾರದಂತೆ. ಎಲ್ಲ ದಿನವೂ ಮುಖ್ಯ ಅಂತ ಪಾಠ ಮಾಡುವವರಿಗೆ ಅದು ಚುಚ್ಚುತ್ತದೆ. ಪಾಠದ ಕ್ಯಾಲೆಂಡರನ್ನು ತಾನೇ ನೋಡಿ, ಇಂಥ ದಿನ ಇಂಥದ್ದಿದೆ, ಅದಕ್ಕೆ ಏನು ಮಾಡಲಿ ಅಂತ ಕೇಳಬೇಕು. ಆರೂ ಜನರಿಗೂ ಬೇರೆ ಬೇರೆ ಪ್ರಶ್ನೆ ಇಟ್ಟು ಬೇರೆ ಬೇರೆ ಇಮೇಲ್ ಬರೆದಳು. ಎರಡು ಸಂಜೆ ಹಿಡಿಯಿತು. ಐದು ನಿಮಿಷದ ಕೆಲಸ ಅಂದವಳು ನಾನು.

ಉತ್ತರಗಳು ಬಂದವು. ಗಣಿತದವರು ಹೋಗುವ ಮೊದಲೇ ಕ್ವಿಜ್ ಬರೆ ಅಂದರು. ವಿಜ್ಞಾನದವರು ಉದ್ದದ ಪಟ್ಟಿ ಕಳಿಸಿದರು. ಇಂಗ್ಲಿಷಿನವರು ಮೂರೇ ಪದ ಬರೆದರು, ಖುಷಿಯಾಗಿ ಹೋಗಿ ಬಾ. ಆಟದವರು ಬಂದ ಮೇಲೆ ತಪ್ಪಿದ ಓಟ ಓಡಬೇಕು ಅಂದರು, ಒಂದು ಮೈಲಿ. ಆರ್ಕೆಸ್ಟ್ರಾದವರು ಉತ್ತರವನ್ನೇ ಕೊಡಲಿಲ್ಲ. ಏಪ್ರಿಲಿನಲ್ಲಿ ಸಂಗೀತ ಕಚೇರಿ ಇತ್ತು, ಸಿಟ್ಟು ಬಂದಿರಬೇಕು ಅಂತ ಮಗಳು ಎರಡು ದಿನ ಸಪ್ಪಗಿದ್ದಳು. ಮತ್ತೆ ಬರೆಯಲೇ ಬೇಡವೇ ಅಂತ ಒದ್ದಾಡಿ, ಕೊನೆಗೆ ಕ್ಲಾಸು ಮುಗಿದ ಮೇಲೆ ಹೋಗಿ ಬಾಯಲ್ಲೇ ಹೇಳಿದಳು. ಅವರು ಇಮೇಲ್ ನೋಡಿಯೇ ಇರಲಿಲ್ಲ. ಅಷ್ಟೆಲ್ಲ ಬರೆದು, ಕಡೆಗೆ ಕೆಲಸ ಆದದ್ದು ಬಾಗಿಲ ಹತ್ತಿರ ನಿಂತು ಆಡಿದ ಎರಡು ಮಾತಿನಿಂದ.

ಜಾತ್ರೆ ಅಂದರೇನು ಅಂತ ತಿರುಗಿ ಕೇಳಿದವರು ಒಬ್ಬರೇ, ಇತಿಹಾಸದವರು. ಇಲ್ಲಿ ಏಳನೇ ತರಗತಿಗೆ ಮಧ್ಯಯುಗದ ಪ್ರಪಂಚದ ಇತಿಹಾಸ. ರಥ ಯಾವ ಮರದ್ದು, ಎಷ್ಟು ಜನ ಎಳೆಯುತ್ತಾರೆ, ನೋಡಿಕೊಂಡು ಬಂದು ಕ್ಲಾಸಿಗೆ ಹೇಳುತ್ತೀಯಾ ಅಂತ ಬರೆದಿದ್ದರು. ಉಳಿದ ಐವರ ಮೇಲೆ ನನಗೆ ದೂರೇನಿಲ್ಲ. ಒಬ್ಬೊಬ್ಬರಿಗೆ ನೂರಾರು ಮಕ್ಕಳು. ಆದರೂ ಎಲ್ಲರ ಉತ್ತರವನ್ನೂ ಓದಿದ ಮೇಲೆ ಬೆಂಡು ಬತ್ತಾಸಿನ ಪೊಟ್ಟಣ ಹಿಡಿದ ಮಾಸ್ತರು ನೆನಪಾದರು. ಅವರಿಗೆ ನಾನು ಸುಳ್ಳು ಬರೆದಿದ್ದೆ. ನನ್ನ ಮಗಳು ಇವರಿಗೆ ನಿಜ ಬರೆದಳು. ತೊಟ್ಟಿಲು ಹತ್ತಿದರೆ ಹೊಟ್ಟೆನೋವು ಜಾಸ್ತಿಯಾಗುತ್ತದೆ ಅಂತ ಹೇಳುವವರು ಮಾತ್ರ ಇಲ್ಲಿಲ್ಲ.

ಬೆಂಗಳೂರಿನ ಚಿಕ್ಕಮ್ಮನ ಮಗಳಿಗೆ ಈ ಕಥೆ ಹೇಳಿದರೆ ನಕ್ಕಳು. ಅವಳ ಮಗ ಸಿಬಿಎಸ್‌ಇ, ಆ ಶಾಲೆಯಲ್ಲಿ ರಜೆಗೆ ಆ್ಯಪ್ ಇದೆ. ಕಾರಣವನ್ನು ಬರೆಯುವುದೂ ಬೇಡ, ಪಟ್ಟಿಯಿಂದ ಒತ್ತಿದರೆ ಆಯಿತು. ಬೋರ್ಡ್ ಪರೀಕ್ಷೆಗೆ ಕೂರಲು ನೂರಕ್ಕೆ 75 ಹಾಜರಿ ಬೇಕು. ಕಾಯಿಲೆ, ರಾಷ್ಟ್ರ ಮಟ್ಟದ ಆಟ, ಅಂಥ ಗಂಭೀರ ಕಾರಣಗಳಿಗೆ ಮಾತ್ರ ರಿಯಾಯಿತಿ. "ಆ ಪಟ್ಟಿಯಲ್ಲಿ ಜಾತ್ರೆ ಇದ್ಯಾ?" ಅಂದೆ. "ಫ್ಯಾಮಿಲಿ ಫಂಕ್ಷನ್ ಅಂತ ಒತ್ತೋದು" ಅಂದಳು. ಮಾರಿಯಮ್ಮನೂ ಫ್ಯಾಮಿಲಿಯೇ, ಸರಿ ಬಿಡಿ.

ಅಂತೂ ಹೋದೆವು. ಬೆಂಗಳೂರಿಗೆ ಇಳಿದು ರಾತ್ರಿ ಬಸ್ಸು ಹಿಡಿದು 19ರ ಬೆಳಿಗ್ಗೆ ಶಿರಸಿ ಮುಟ್ಟಿದೆವು. ಮಗಳು 20ರಂದು ರಥ ನೋಡಿದಳು. ಜನ ಕಾಳುಮೆಣಸಿನಂತೆ ಒತ್ತೊತ್ತಾಗಿ ನಿಂತಿದ್ದರು. ಕೋಳಿ ಹಾರಿಸುವುದು, ಬಾಳೆಹಣ್ಣು ಎಸೆಯುವುದು, ಎಲ್ಲವನ್ನೂ ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡಳು. ಇತಿಹಾಸದ ಟೀಚರಿಗೆ.

ಮನೆಯಲ್ಲಿ ಒಬ್ಬನಿಗೆ ಮಾತ್ರ ಜಾತ್ರೆ ಇರಲಿಲ್ಲ. ಅಣ್ಣನ ಮಗನಿಗೆ ಎಸ್ಸೆಸ್ಸೆಲ್ಸಿ. ಪರೀಕ್ಷೆ ಶುರುವಾದದ್ದು 25ನೇ ತಾರೀಖು, ಜಾತ್ರೆಯ ಏಳನೇ ದಿನ. ಇಡೀ ಶಿರಸಿ ತೊಟ್ಟಿಲಲ್ಲಿ ತೂಗುತ್ತಿದ್ದರೆ ಈ ಮಾಣಿ ಮಾಳಿಗೆ ಮೇಲೆ ಕೂತು ಓದುತ್ತಿದ್ದ. ಮೊದಲ ದಿನ ಪ್ರಥಮ ಭಾಷೆ. ಹಿಂದಿನ ಸಂಜೆ ಪತ್ರಲೇಖನ ಅಭ್ಯಾಸ ಮಾಡುತ್ತಿದ್ದ. ನಿಮ್ಮನ್ನು ಇಂಥ ಊರಿನ ಇಂಥವರು ಎಂದು ಭಾವಿಸಿಕೊಂಡು, ಮೂರು ದಿನ ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ. ಮಗಳು ಪಕ್ಕದಲ್ಲಿ ಕೂತು ಅಕ್ಷರ ಕೂಡಿಸಿ ಓದುತ್ತಿದ್ದಳು.

"ಭಾವಿಸಿಕೊಂಡು ಅಂದ್ರೆ?"

"ಸುಮ್ನೆ ಅಂದ್ಕೊಳ್ಳೋದು. ನಾನಲ್ಲ, ಬೇರೆ ಯಾರೋ ಅಂತ."

"ಕಾರಣನೂ ಸುಮ್ನೆ ಅಂದ್ಕೊಳ್ಳೋದಾ?"

"ಹೌದು. ಜ್ವರ."

"ಜಾತ್ರೆ ಅಂತ ಬರಿ."

ಅವನು ನಗಲಿಲ್ಲ. ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದ. "ಬೇಡ, ಮಾರ್ಕ್ಸ್ ಹೋಗ್ತು" ಅಂದ. ಜ್ವರ ಅಂತಲೇ ಬರೆದ. ಅಕ್ಷರ ಎಷ್ಟು ದುಂಡಗಿತ್ತೆಂದರೆ ನನಗೆ ನನ್ನದೇ ಚೀಟಿ ನೋಡಿದಂತಾಯಿತು.

ಇನ್ನು ಆ ಫೋನು. ಇಲ್ಲಿನ ಶಾಲೆಯಲ್ಲಿ ಮಗು ಯಾವುದಾದರೂ ಪೀರಿಯಡ್ಡಿಗೆ ಬರದಿದ್ದರೆ ಸಂಜೆ ಮನೆಗೆ ಮಿಷನ್ ಫೋನ್ ಮಾಡುತ್ತದೆ. ರೆಕಾರ್ಡ್ ಮಾಡಿದ ದನಿ. ಮೊದಲೇ ತಿಳಿಸಿದ್ದರೆ ಮಾಡಬಾರದು. ಆಫೀಸಿನಲ್ಲಿ ಯಾರೋ ಒಂದು ಕಡೆ ಗುರುತು ಹಾಕುವುದು ಮರೆತಿದ್ದರು ಅಂತ ಆಮೇಲೆ ತಿಳಿಯಿತು. ಅಲ್ಲಿ ಸಂಜೆ ಆರು ಅಂದರೆ ನಮ್ಮೂರಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಶಾಲೆಯಿದ್ದ ದಿನಗಳ ಮರುದಿನವೆಲ್ಲ ಸರಿಯಾಗಿ ಆರೂವರೆಗೆ ನನ್ನ ಮೊಬೈಲು ಹೊಡೆದುಕೊಳ್ಳುತ್ತಿತ್ತು. ನಾನು ನಿದ್ದೆಗಣ್ಣಲ್ಲಿ ಕಟ್ ಮಾಡುತ್ತಿದ್ದೆ.

26ರ ಬೆಳಿಗ್ಗೆ, ಹೊರಡುವ ದಿನ, ಮೊಬೈಲು ಜಗುಲಿಯಲ್ಲಿ ಚಾರ್ಜಿಗಿತ್ತು. ಹಿಂದಿನ ರಾತ್ರಿ ಯಕ್ಷಗಾನ ನೋಡಿ ಎರಡು ಗಂಟೆಗೆ ಬಂದು ಮಲಗಿದ್ದೆವು. ಆಯಿ ಕೊಟ್ಟಿಗೆಯಲ್ಲಿದ್ದಳು. ಫೋನು ಎತ್ತಿದ್ದು ಅಪ್ಪ. ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಅವನು ಕವಳದ ತಟ್ಟೆ ಪಕ್ಕಕ್ಕಿಟ್ಟು, ನೆಟ್ಟಗೆ ಕೂತು, ತುಂಬ ಮರ್ಯಾದೆಯಿಂದ ಮಾತಾಡುತ್ತಿದ್ದ. ಆ ಕಡೆಯ ದನಿ ನಿಮ್ಮ ಮಗು ಇಂದು ಒಂದರಿಂದ ಆರನೇ ಪೀರಿಯಡ್ಡಿನವರೆಗೆ ಹಾಜರಿರಲಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಪುನಃ ಕೇಳಲು ಒಂದನ್ನು ಒತ್ತಿ ಅನ್ನುತ್ತಿತ್ತು.

"ಯೆಸ್ ಯೆಸ್, ಶಿ ಈಸ್ ಹಿಯರ್ ಓನ್ಲಿ" ಅಂದ ಅಪ್ಪ. "ಸ್ಲೀಪಿಂಗ್. ನಿನ್ನೆ ಆಟ ನೋಡಿ ಬಪ್ಪಲೆ ತಡ ಆತು."

ಆಮೇಲೆ ನನ್ನ ಕಡೆ ತಿರುಗಿ, ಫೋನನ್ನು ಅಂಗೈಯಿಂದ ಮುಚ್ಚಿ, ಪಿಸುಗುಟ್ಟಿದ. "ಶಾಲೆಯವು. ಎಬ್ಬಿಸವಾ?"